ಕರೆಂಟ್ ಗೂಡು ಏರುತ್ತಿಲ್ಲವೇ? ಕಾಯಿಲ್ ಬಿಚ್ಚುವ ಮೊದಲು ಮೀಟರ್ ಹಿಡಿಯಿರಿ

ಮಾಲೂರಿನವರಿಗೆ ಸುಟ್ಟ ಮಣ್ಣು ಹೊಸದಲ್ಲ. ಹೆಂಚು, ಇಟ್ಟಿಗೆಯಿಂದಲೇ ಹೆಸರಾದ ಊರು ಇದು. ಸೌದೆ ಗೂಡಿನ ಮುಂದೆ ಬೆಳೆದವರು ಬೆಂಕಿಯ ಬಣ್ಣ ನೋಡಿ, ಹೊಗೆ ಹೋಗುವ ರೀತಿ ನೋಡಿ ಗೂಡಿಗೆ ಏನಾಗಿದೆ ಅಂತ ಹೇಳಿಬಿಡುತ್ತಾರೆ. ಒಳಗಿನ ತಂತಿಯ ಸುರುಳಿ, ಅಂದರೆ ಕಾಯಿಲ್, ಕಾದು ಸುಡುವ ಕರೆಂಟ್ ಗೂಡಿನಲ್ಲಿ ಆ ಸುಳಿವು ಯಾವುದೂ ಸಿಗದು. ಅದು ಸದ್ದಿಲ್ಲದೆ ಸವೆಯುತ್ತದೆ. ಒಂಬತ್ತು ಗಂಟೆಯಲ್ಲಿ ಮುಗಿಯುತ್ತಿದ್ದ ಸುಡುವ ಕೆಲಸ ಒಂಬತ್ತೂವರೆಗೆ ಹೋಗುತ್ತದೆ, ಆಮೇಲೆ ಹತ್ತೂವರೆಗೆ. ಒಂದು ದಿನ ಏರುವುದೇ ಇಲ್ಲ.

ನಮ್ಮ ಗೂಡಿನಲ್ಲಿ ಹೀಗಾಗಿದ್ದು ದೀಪಾವಳಿಗೆ ಮುಂಚೆ, ಒಂದು ದೊಡ್ಡ ಆರ್ಡರ್‌ನ ಮಗ್‌ಗಳು ಒಳಗಿದ್ದಾಗ. 1,220 ಡಿಗ್ರಿಗೆ ಹೋಗಬೇಕಿತ್ತು. "ಅಣ್ಣಾ, ಸಾವಿರದ ನೂರರ ಮೇಲೆ ಹೋಗ್ತಾನೇ ಇಲ್ಲ, ಅಲ್ಲೇ ಕೂತ್ಬುಟ್ಟೈತೆ" ಎಂದು ಗೂಡು ನೋಡಿಕೊಳ್ಳುವ ಹುಡುಗ ಫೋನ್ ಮಾಡಿದ. ರಿಪೇರಿಗೆ ಬಂದವರು ಬಾಗಿಲು ತೆಗೆದು ನೋಡಿ, ಕಾಯಿಲ್ ಹೋಗಿದೆ, ಎಲ್ಲಾ ಬದಲಾಯಿಸಿ ಅಂದರು. ಬದಲಾಯಿಸಿದೆವು. ಹೊಸ ಕಾಯಿಲ್ ಹಾಕಿದ ಮೇಲೂ ಗೂಡು 1,150ಕ್ಕೆ ನಿಂತಿತು. ಆಗ ಉರಿಯುತ್ತಿರುವಾಗಲೇ ವೋಲ್ಟೇಜ್ ಅಳೆಸಿದರೆ 200. ಸುತ್ತಲ ತೋಟಗಳ ಪಂಪ್‌ಸೆಟ್‌ಗಳಿಗೆ ತ್ರೀ ಫೇಸ್ ಬಿಡುವ ಹೊತ್ತದು. ಅದೇ ಗೂಡನ್ನು ರಾತ್ರಿ ಹತ್ತಕ್ಕೆ ಹಾಕಿದರೆ ಬೆಳಗ್ಗೆ ಕೋನ್ (ತಕ್ಕಷ್ಟು ಶಾಖ ಸಿಕ್ಕಾಗ ಬಾಗುವ ಮಣ್ಣಿನ ಚೂಪು ಕಡ್ಡಿ) ಸರಿಯಾಗಿ ಬಾಗಿತ್ತು. ಅವತ್ತಿನಿಂದ ನಾನು ಅಳೆಯದೆ ಏನನ್ನೂ ಬಿಚ್ಚುವುದಿಲ್ಲ. ನೀವೂ ಈ ಕ್ರಮದಲ್ಲೇ ಹೋಗಿ.

ಮೊದಲು ಒಂದು ನೋಟ್‌ಬುಕ್

ಪ್ರತಿ ಸಲ ತಾರೀಕು, ಏನು ತುಂಬಿದಿರಿ, 600 ಡಿಗ್ರಿಗೆ ಎಷ್ಟು ಹೊತ್ತು, ಕೊನೆಗೆ ಎಷ್ಟು ಹೊತ್ತು, ಕೋನ್ ಎಷ್ಟು ಬಾಗಿತು, ಇಷ್ಟು ಬರೆದಿಡಿ. ಕಾಯಿಲ್ ಸವೆದಾಗ ಅದು ಮೊದಲು ಗೊತ್ತಾಗುವುದು ಕೊನೆಯ 100 ಡಿಗ್ರಿಯಲ್ಲಿ. ಕೆಳಗಿನ ಶಾಖವನ್ನು ಮುದಿ ಕಾಯಿಲ್ ಕೂಡ ಕೊಡುತ್ತದೆ. ಆ ಕೊನೆಯ ಏರು ಹೋದ ವರ್ಷ ಎಷ್ಟು ಹೊತ್ತು ತೆಗೆದುಕೊಂಡಿತ್ತು ಅನ್ನುವುದು ನೆನಪಿನಲ್ಲಿ ಉಳಿಯುವಂಥದ್ದಲ್ಲ, ಬರೆದಿಟ್ಟರೆ ಮಾತ್ರ ಸಿಗುತ್ತದೆ.

ಓಮ್ ಅಳೆಯುವುದು

ಓಮ್ ಅಂದರೆ ಕರೆಂಟ್‌ಗೆ ಕಾಯಿಲ್ ಒಡ್ಡುವ ತಡೆಯ ಅಳತೆ. ಗೂಡು ಪೂರ್ತಿ ತಣ್ಣಗಿರಲಿ. ಕಂಟ್ರೋಲರ್‌ನಲ್ಲಿ ಆಫ್ ಮಾಡಿದರೆ ಸಾಲದು, ಗೋಡೆಯ ಮೇನ್ ಸ್ವಿಚ್ ಇಳಿಸಿ. ಬೇರೆಯವರು ಏರಿಸದಂತೆ ಬೀಗ ಹಾಕಿ, ಟರ್ಮಿನಲ್‌ನಲ್ಲಿ ಕರೆಂಟ್ ಇಲ್ಲವೆಂದು ಮೀಟರ್‌ನಿಂದಲೇ ಖಾತ್ರಿ ಮಾಡಿಕೊಳ್ಳಿ. ಈ ಕೆಲಸ ಗೊತ್ತಿರುವ ಎಲೆಕ್ಟ್ರಿಷಿಯನ್ ಪಕ್ಕದಲ್ಲಿರಲಿ.

ನಮ್ಮದು 9 ಕಿಲೋವ್ಯಾಟ್‌ನ ತ್ರೀ ಫೇಸ್ ಗೂಡು, ಒಂದೊಂದು ಫೇಸ್‌ನಿಂದ ನ್ಯೂಟ್ರಲ್‌ಗೆ 3 ಕಿಲೋವ್ಯಾಟ್. 230ನ್ನು 230ರಿಂದ ಗುಣಿಸಿ 3,000ದಿಂದ ಭಾಗಿಸಿದರೆ 17.6 ಬರುತ್ತದೆ. ಅಂದರೆ ಕಾಯಿಲ್ ಹೊಸದಿದ್ದಾಗ ಪ್ರತಿ ಫೇಸ್ ಸುಮಾರು 17.6 ಓಮ್ ತೋರಿಸಬೇಕು. ನಿಮ್ಮ ಗೂಡಿನ ಲೆಕ್ಕವನ್ನೂ ಅದರ ತಗಡಿನ ಮೇಲಿರುವ ವ್ಯಾಟ್, ವೋಲ್ಟ್ ನೋಡಿ ಹೀಗೇ ಮಾಡಬಹುದು. ಆದರೆ ಎರಡು ಫೇಸ್ ನಡುವೆ ಜೋಡಿಸಿದ ಕಾಯಿಲ್ ಆದರೆ 230ರ ಬದಲು 400 ಇಟ್ಟುಕೊಳ್ಳಿ. ಕಾಯಿಲ್ ಹಳೆಯದಾದಂತೆ ಓಮ್ ಏರುತ್ತದೆ, ಓಮ್ ಏರಿದಷ್ಟೂ ಶಾಖ ಇಳಿಯುತ್ತದೆ. ಹತ್ತು ಶೇಕಡಾ ಏರಿದರೆ, ಅಂದರೆ ನಮ್ಮ ಗೂಡಿನಲ್ಲಿ 19.4 ಮುಟ್ಟಿದರೆ, ಕಾಯಿಲ್ ಬದಲಾಯಿಸುವ ಕಾಲ ಬಂತು ಅಂತ ಲೆಕ್ಕ. ಒಂದು ಫೇಸ್ ಏನೂ ತೋರಿಸದಿದ್ದರೆ ಅಲ್ಲಿ ಕಾಯಿಲ್ ತುಂಡಾಗಿದೆ ಅಥವಾ ಜೋಡಣೆ ಬಿಟ್ಟಿದೆ. ಮೂರರಲ್ಲಿ ಒಂದು ಪಾಲು ಶಾಖ ಅಲ್ಲೇ ಹೋಯಿತು.

ವೋಲ್ಟೇಜ್ ಅಳೆಯುವುದು

ಇದನ್ನು ಗೂಡು ಪೂರ್ತಿ ಉರಿಯುತ್ತಿರುವಾಗಲೇ ನೋಡಬೇಕು, ಮತ್ತು ಎಲೆಕ್ಟ್ರಿಷಿಯನ್ನೇ ನೋಡಬೇಕು. ಖಾಲಿ ಲೈನ್‌ನಲ್ಲಿ 230 ತೋರಿಸುವುದು ಲೋಡ್ ಬಿದ್ದ ಕೂಡಲೇ ಕುಸಿಯಬಹುದು. ವೋಲ್ಟೇಜ್ ಹದಿಮೂರು ಶೇಕಡಾ ಇಳಿದರೆ ಶಾಖವೂ ಅಷ್ಟೇ ಇಳಿಯುತ್ತದೆ ಅಂದುಕೊಳ್ಳಬೇಡಿ. 230 ಇರಬೇಕಾದ ಕಡೆ 200 ಇದ್ದರೆ 3,000 ವ್ಯಾಟ್ ಕೊಡಬೇಕಾದ ಫೇಸ್ ಕೊಡುವುದು ಸುಮಾರು 2,270 ಮಾತ್ರ. ಹೆಚ್ಚುಕಡಿಮೆ ಕಾಲು ಭಾಗ ಖೋತಾ. ಹತ್ತು ಶೇಕಡಾ ಸವೆದ ಕಾಯಿಲ್‌ಗಿಂತ ಇದು ದೊಡ್ಡ ನಷ್ಟ. ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ಗೂಡು ಇಟ್ಟವರು ಒಂದು ವಾರ ಹಗಲು, ಸಂಜೆ, ರಾತ್ರಿ ಮೂರೂ ಹೊತ್ತು ಅಳೆದು ಬರೆದುಕೊಳ್ಳಿ. ಯಾವಾಗ ಸುಡಬೇಕೆಂದು ಆ ಅಂಕಿಗಳೇ ಹೇಳುತ್ತವೆ. ಇಡೀ ದಿನ ಕಡಿಮೆಯೇ ಇದ್ದರೆ ಆ ಹಾಳೆ ಹಿಡಿದು ಬೆಸ್ಕಾಂ ಸೆಕ್ಷನ್ ಆಫೀಸಿಗೆ ಅರ್ಜಿ ಕೊಡಿ.

ಟರ್ಮಿನಲ್ ಬಾಕ್ಸ್ ಒಳಗೆ

ನಾಲ್ಕೈದು ತಿಂಗಳಿಗೊಮ್ಮೆ ಮೇನ್ ಇಳಿಸಿ ಹಿಂದಿನ ತಗಡು ಬಿಚ್ಚಿ. ಕಾಯಿಲ್‌ನ ಬಾಲ ಹೊರಬಂದು ವೈರ್‌ಗೆ ಸೇರುವ ಜಾಗವೇ ಗೂಡಿನ ಅತಿ ದುರ್ಬಲ ಜಾಗ. ಕಾದು ತಣಿದು, ಕಾದು ತಣಿದು ಸ್ಕ್ರೂ ಸಡಿಲವಾಗುತ್ತದೆ. ಸಡಿಲವಾದ ಕಡೆ ಇನ್ನಷ್ಟು ಕಾಯುತ್ತದೆ. ಮೊದಲು ವೈರ್‌ನ ಹೊದಿಕೆ ಅಂಚಿನಲ್ಲಿ ಕಂದುಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಗಡುಸಾಗಿ ಮುಟ್ಟಿದರೆ ಉದುರುತ್ತದೆ, ವೈರ್ ತುದಿಗೆ ಹಾಕಿದ ಲೋಹದ ಲಗ್ಗಿನ ಮೇಲೆ ಕಪ್ಪು ಪುಡಿ ಕೂರುತ್ತದೆ. ಅಂಥದ್ದು ಕಂಡರೆ ಬರೀ ಸ್ಕ್ರೂ ಬಿಗಿಮಾಡಿ ಮುಚ್ಚಬೇಡಿ. ಸುಟ್ಟ ಭಾಗ ಕತ್ತರಿಸಿ ಹೊಸ ಲಗ್ಗು ಹಾಕಿ, ಶಾಖ ತಡೆಯುವ ವೈರನ್ನೇ ಬಳಸಿ. ಮನೆ ವೈರಿಂಗ್‌ನ ಪಿವಿಸಿ ವೈರ್ ಇಲ್ಲಿ ಕರಗಿಹೋಗುತ್ತದೆ.

ಕಾಂಟ್ಯಾಕ್ಟರ್ ನೋಡಲು ಮರೆಯಬೇಡಿ, ಕಂಟ್ರೋಲರ್ ಹೇಳಿದಂತೆ ಕಾಯಿಲ್‌ಗೆ ಕರೆಂಟ್ ಬಿಟ್ಟು ನಿಲ್ಲಿಸುವ ಸ್ವಿಚ್ ಅದು. ಇರುವೆ ಸೇರಿಕೊಂಡು ಪಾಯಿಂಟ್ ಕೂಡದಿರುವುದು ನಮ್ಮ ಕಡೆ ಮಾಮೂಲು. ಅದಕ್ಕಿಂತ ಅಪಾಯದ್ದು ಪಾಯಿಂಟ್ ಅಂಟಿಕೊಳ್ಳುವುದು. ಕಂಟ್ರೋಲರ್ ಆಫ್ ಅಂದರೂ ಗೂಡು ಉರಿಯುತ್ತಲೇ ಇರುತ್ತದೆ, ಒಳಗಿನ ಸರಕು ಕರಗಿ ಶೆಲ್ಫ್‌ಗೆ ಅಂಟುತ್ತದೆ. ಸುಡುವಿಕೆ ಮುಗಿಯುವ ಹೊತ್ತಿಗೆ ಗೂಡಿನ ಹತ್ತಿರ ಒಬ್ಬರು ಇರಲೇಬೇಕು ಅನ್ನುವುದು ಇದಕ್ಕೇ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಇಲ್ಲಿ ದೊಣ್ಣೆಯ ಕೆಲಸ ಕಾಂಟ್ಯಾಕ್ಟರ್ ಮಾಡುತ್ತದೆ.

ಕಾಯಿಲ್ ಬದಲಾಯಿಸುವಾಗ

ಅಳೆದು ನೋಡಿ ಕಾಯಿಲ್‌ದೇ ತಪ್ಪು ಅಂತಾದರೆ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿ. ಒಂದು ಹೊಸದು, ಎರಡು ಹಳೆಯದು ಆದರೆ ಗೂಡಿನೊಳಗೆ ಶಾಖ ಒಂದೇ ಸಮ ಇರದು. ನಿಕ್ರೋಮ್ ತಂತಿ ಕೊಡುತ್ತೇವೆ, ಅಗ್ಗ ಅಂದರೆ ಒಪ್ಪಬೇಡಿ. 1,220ಕ್ಕೆ ಹೋಗುವ ಗೂಡಿಗೆ ಕಾಂಥಾಲ್ ಎ-1 ದರ್ಜೆಯದೇ ಬೇಕು. ಅದರಲ್ಲಿ ಕಬ್ಬಿಣ, ಕ್ರೋಮಿಯಂ ಜೊತೆ ಅಲ್ಯೂಮಿನಿಯಂ ಇರುತ್ತದೆ. ಕಾದಾಗ ಮೇಲೆ ಅಲ್ಯೂಮಿನಾದ ತೆಳು ಪೊರೆ ಕಟ್ಟಿಕೊಂಡು ಒಳಗಿನ ತಂತಿಯನ್ನು ಕಾಪಾಡುತ್ತದೆ.

ಹೊಸ ಕಾಯಿಲನ್ನು ಗಾಡಿಯ (ಕಾಯಿಲ್ ಕೂರಲು ಇಟ್ಟಿಗೆಯಲ್ಲಿ ಕೊರೆದ ತೋಡು) ಉದ್ದಕ್ಕೆ ಸಮನಾಗಿ ಎಳೆಯಿರಿ. ಸುತ್ತುಗಳು ಒಂದಕ್ಕೊಂದು ತಾಗಬಾರದು. ಕೈಯ ಎಣ್ಣೆ, ಬೆವರು ಹತ್ತದಂತೆ ಗ್ಲೌಸ್ ಹಾಕಿಕೊಳ್ಳಿ. ಮೊದಲ ಸಲ ಗೂಡನ್ನು ಖಾಲಿಯಾಗಿ 1,050 ಡಿಗ್ರಿವರೆಗೆ ಕಾಯಿಸಿದರೆ ಪೊರೆ ಕಟ್ಟುತ್ತದೆ. ಒಮ್ಮೆ ಕಾದ ಕಾಯಿಲ್ ತಣ್ಣಗಿರುವಾಗ ಹುರಿದ ಶಾವಿಗೆಯ ಹಾಗೆ, ಬಗ್ಗಿಸಿದರೆ ಪಟ್ ಅನ್ನುತ್ತದೆ. ಉಬ್ಬಿ ಗಾಡಿಯಿಂದ ಹೊರಬಂದಿದ್ದರೆ ಮೇನ್ ಇಳಿಸಿ, ಗ್ಯಾಸ್ ಟಾರ್ಚ್‌ನಿಂದ ಆ ಜಾಗವನ್ನು ಕೆಂಪಗೆ ಕಾಯಿಸಿಕೊಂಡೇ ಇಕ್ಕಳದಿಂದ ಒಳಗೆ ಒತ್ತಿ.

ಆ ಪೊರೆಗೆ ದೊಡ್ಡ ಶತ್ರು ಹೊಗೆ. ನಮ್ಮ ಕೆರೆಮಣ್ಣಿನಲ್ಲಿ ಬೇರು, ಗೊಬ್ಬರದ ಅಂಶ ಇರುತ್ತದೆ. ಕೆಲವರು ಹೊಟ್ಟನ್ನೂ ಬೆರೆಸುತ್ತಾರೆ. ಅಂಥ ಮಣ್ಣಿನ ಹಣತೆ, ಕುಂಡ ಸುಡುವಾಗ 700 ಡಿಗ್ರಿ ದಾಟುವವರೆಗೆ ನೋಟದ ಕಿಂಡಿಯ ಬಿರಟೆ ತೆಗೆದಿಡಿ, ಕೋಣೆಯ ಕಿಟಕಿಗಳೂ ತೆರೆದಿರಲಿ. ಆ ಹೊಗೆ ಮನುಷ್ಯರಿಗೂ ವಿಷ. ಉಪ್ಪು ಹಾಕಿ ಸುಡುವ ಪ್ರಯೋಗ ಕರೆಂಟ್ ಗೂಡಿನಲ್ಲಿ ಬೇಡವೇ ಬೇಡ.

ಇಟ್ಟಿಗೆ, ಶೆಲ್ಫ್

ಒಳಗಿನ ಇಟ್ಟಿಗೆ ಹೆಂಚಿನ ಊರಿನ ಗಟ್ಟಿ ಇಟ್ಟಿಗೆಯಂಥದ್ದಲ್ಲ. ಉಗುರು ಒತ್ತಿದರೆ ಗುರುತು ಬೀಳುವಷ್ಟು ಮೆದು, ತೂತುತೂತು. ಕೂದಲೆಳೆಯಂಥ ಬಿರುಕಿಗೆ ಹೆದರಬೇಡಿ, ಕಾದಾಗ ಕೂಡಿಕೊಳ್ಳುತ್ತದೆ. ಗ್ಲೇಜ್ (ಸರಕಿಗೆ ಹಚ್ಚುವ ಗಾಜಿನಂಥ ಲೇಪ) ಹನಿ ಬಿದ್ದಿದ್ದರೆ ಮಾತ್ರ ಮುಂದಿನ ಸಲಕ್ಕೆ ಬಿಡಬೇಡಿ. ಪ್ರತಿ ಸಲ ಮತ್ತೆ ಕರಗಿ ಇಟ್ಟಿಗೆಯನ್ನು ಕೊರೆಯುತ್ತಾ ಹೋಗುತ್ತದೆ, ಕಾಯಿಲ್ ಮುಟ್ಟಿದರೆ ಅದನ್ನೂ ತಿನ್ನುತ್ತದೆ. ಹಳೆ ಚಮಚದಿಂದ ಪೂರ್ತಿ ಕೆರೆದು ತೆಗೆದು, ಅದೇ ಇಟ್ಟಿಗೆಯ ಪುಡಿಗೆ ಗೂಡಿನ ಸಿಮೆಂಟ್ ಕಲಸಿ ತುಂಬಿ. ಮಾಸ್ಕ್ ಹಾಕಿಕೊಂಡು ಮಾಡಿ, ಈ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಗಾಡಿಯಲ್ಲಿ ಬಿದ್ದ ಪುಡಿಯನ್ನು ಊದಬೇಡಿ, ವ್ಯಾಕ್ಯೂಮ್‌ನಿಂದ ಎಳೆಯಿರಿ.

ಸರಕು ಅಂಟದಂತೆ ಶೆಲ್ಫ್‌ಗೆ ಅಲ್ಯೂಮಿನಾ ಹೈಡ್ರೇಟ್, ಚೈನಾ ಕ್ಲೇ ಸಮಸಮ ಸೇರಿಸಿ ಮಜ್ಜಿಗೆ ಹದಕ್ಕೆ ಕಲಸಿ ಮೇಲ್ಮುಖಕ್ಕೆ ಮಾತ್ರ ಬಳಿಯಿರಿ. ಮಡಕೆ ಕೊಳ್ಳುವಾಗ ತಟ್ಟಿ ನೋಡುವ ಹಾಗೆ ಶೆಲ್ಫನ್ನೂ ಬೆರಳ ಗೆಣ್ಣಿನಿಂದ ತಟ್ಟಿ. ಟಣ್ ಅನ್ನದಿದ್ದರೆ ಅದರಲ್ಲಿ ಬಿರುಕಿದೆ, ಮೇಲೆ ಭಾರ ಇಡಬೇಡಿ.

ಕೊನೆಗೆ ಥರ್ಮೋಕಪಲ್

ಗೂಡಿನ ಶಾಖ ಅಳೆಯುವ ಕೆ ಟೈಪ್ ಥರ್ಮೋಕಪಲ್‌ನ ತುದಿ ಕಪ್ಪಾಗಿ ಪದರ ಉದುರಿಸತೊಡಗಿದರೆ ಅದರ ಲೆಕ್ಕ ನಂಬಬೇಡಿ. ಹೊಸದು ಹಾಕುವಾಗ ಎರಡು ವೈರ್ ಅದಲುಬದಲಾದರೆ ಗೂಡು ಕಾದಂತೆ ಅಂಕಿ ಇಳಿಯುತ್ತದೆ, ಆ ಕೂಡಲೇ ನಿಲ್ಲಿಸಿ ಸರಿಮಾಡಿ. ಏನೇ ಬದಲಾಯಿಸಿದರೂ ಮುಂದಿನ ಸುಡುವಿಕೆಯಲ್ಲಿ ಮೇಲೆ, ನಡುವೆ, ಕೆಳಗೆ ಒಂದೊಂದು ಕೋನ್ ಇಡಿ. ಗೂಡು ತಣಿದ ಮೇಲೆ ಆ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ, ಯಾವುದು ಎಷ್ಟು ಬಾಗಿದೆ ಅಂತ ಅವತ್ತಿನ ತಾರೀಕು, ಓಮ್, ವೋಲ್ಟೇಜ್ ಜೊತೆ ನೋಟ್‌ಬುಕ್‌ನ ಹೊಸ ಪುಟದಲ್ಲಿ ಬರೆಯಿರಿ.