ಗ್ರಂಥಾಲಯದ ಚಲನಚಿತ್ರ ಸಂಗ್ರಹವನ್ನು ಸರಿಯಾಗಿ ಬಳಸಿಕೊಳ್ಳುವುದು ಹೇಗೆ

ಹಲವು ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿ ಪುಸ್ತಕಗಳ ಜೊತೆಗೆ ಚಲನಚಿತ್ರಗಳಿಗೆಂದೇ ಒಂದು ವಿಭಾಗವಿರುತ್ತದೆ. 16 ಮಿ.ಮೀ. ರೀಲುಗಳು, ವಿಎಚ್‌ಎಸ್ ಕ್ಯಾಸೆಟ್‌ಗಳು, ಡಿವಿಡಿ ಹಾಗೂ ಬ್ಲೂ-ರೇ ಡಿಸ್ಕುಗಳು, ಪರವಾನಗಿ ಪಡೆದ ಸ್ಟ್ರೀಮಿಂಗ್ ಚಿತ್ರಗಳು ಎಲ್ಲವೂ ಅಲ್ಲಿ ಒಂದೇ ಸೂರಿನಡಿ ಸಿಗುತ್ತವೆ. ಮಾರುಕಟ್ಟೆಯಲ್ಲಿ ಎಲ್ಲಿಯೂ ಸಿಗದ ಸಾಕ್ಷ್ಯಚಿತ್ರಗಳು ಇಂಥ ಕಪಾಟುಗಳಲ್ಲಿ ಮಾತ್ರ ಉಳಿದುಕೊಂಡಿರುವುದೂ ಉಂಟು. ಆದರೆ ಚಿತ್ರದ ಹೆಸರು ಕ್ಯಾಟಲಾಗಿನಲ್ಲಿ ಕಂಡ ಮಾತ್ರಕ್ಕೆ ನಮಗೆ ಬೇಕಾದ ಚಿತ್ರ ಸಿಕ್ಕಿತೆಂದು ಭಾವಿಸಬಾರದು. ಯಾವ ಆವೃತ್ತಿ, ಯಾವ ಹಕ್ಕು, ಯಾವ ಅವಧಿಯವರೆಗೆ ಎಂಬ ಮೂರನ್ನೂ ಖಚಿತಪಡಿಸಿಕೊಳ್ಳಬೇಕು.

ಮೊದಲು ವಿಭಾಗವು ಹೊರಡಿಸುವ ಸುದ್ದಿಗಳನ್ನು ಓದುವ ಅಭ್ಯಾಸ ಬೆಳೆಸಿಕೊಳ್ಳಿ. ಹೊಸ ಸೇರ್ಪಡೆಗಳ ಪಟ್ಟಿಯನ್ನೂ ಮುಂಬರುವ ಪ್ರದರ್ಶನಗಳ ಪ್ರಕಟಣೆಯನ್ನೂ ಎಲ್ಲರೂ ಗಮನಿಸುತ್ತಾರೆ. ಯುನೆಸ್ಕೊ ಗೊತ್ತುಪಡಿಸಿರುವ ವಿಶ್ವ ದೃಶ್ಯ-ಶ್ರವ್ಯ ಪರಂಪರೆಯ ದಿನವಾದ ಅಕ್ಟೋಬರ್ 27ರ ಆಸುಪಾಸಿನಲ್ಲಿ ವಿಶೇಷ ಪ್ರದರ್ಶನಗಳೇನಾದರೂ ಇವೆಯೇ ಎಂದು ವಿಚಾರಿಸುವುದೂ ಒಳ್ಳೆಯದು. ಯಾರೂ ಓದದೆ ಬಿಡುವ ಸೂಚನೆಯೆಂದರೆ ಪರವಾನಗಿ ಮುಗಿಯುವ ಚಿತ್ರಗಳ ಪಟ್ಟಿ. ನನ್ನ ದೃಷ್ಟಿಯಲ್ಲಿ ಅತ್ಯಂತ ಮುಖ್ಯವಾದುದು ಅದೇ. ಸ್ಟ್ರೀಮಿಂಗ್ ಚಿತ್ರಗಳನ್ನು ಗ್ರಂಥಾಲಯವು ಬಹುಮಟ್ಟಿಗೆ ಒಂದು ವರ್ಷಕ್ಕೋ ಮೂರು ವರ್ಷಕ್ಕೋ ಪರವಾನಗಿಯ ಮೇಲೆ ಪಡೆದಿರುತ್ತದೆ. ಅವಧಿ ಮುಗಿದ ಮರುದಿನ ಚಿತ್ರವು ನೋಡಲು ಸಿಗುವುದಿಲ್ಲ. ಪಾಠಪಟ್ಟಿಯಲ್ಲಿ ಚಿತ್ರವೊಂದನ್ನು ಸೇರಿಸುವ ಅಧ್ಯಾಪಕರು ಸೆಮಿಸ್ಟರ್ ಆರಂಭವಾಗುವ ಮೊದಲೇ ಅದರ ಅವಧಿಯನ್ನು ಗ್ರಂಥಪಾಲಕರಲ್ಲಿ ಕೇಳಿ ತಿಳಿದುಕೊಳ್ಳಬೇಕು.

ಹುಡುಕುವಾಗ ಚಿತ್ರದ ಮೂಲ ಭಾಷೆಯ ಹೆಸರನ್ನೂ ಅನುವಾದಿತ ಹೆಸರುಗಳನ್ನೂ ಬೇರೆಬೇರೆಯಾಗಿ ಹಾಕಿ ನೋಡಿ. 1948ರ ಇಟಾಲಿಯನ್ ಚಿತ್ರ ‘ಲಾದ್ರಿ ದಿ ಬಿಚಿಕ್ಲೆತ್ತೆ’ ಇಂಗ್ಲಿಷಿನಲ್ಲಿ ‘ಬೈಸಿಕಲ್ ಥೀವ್ಸ್’ ಎಂದೂ ‘ದಿ ಬೈಸಿಕಲ್ ಥೀಫ್’ ಎಂದೂ ಪ್ರಚಾರದಲ್ಲಿರುವುದರಿಂದ, ಒಂದೇ ಹೆಸರಿನಲ್ಲಿ ಹುಡುಕಿದವರಿಗೆ ಕಪಾಟಿನಲ್ಲಿರುವ ಪ್ರತಿಯೂ ಕಾಣದೇ ಹೋಗಬಹುದು. ನಿರ್ದೇಶಕರ ಹೆಸರು ಮತ್ತು ಬಿಡುಗಡೆಯ ವರ್ಷದಿಂದಲೂ ಹುಡುಕಿ. ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ವರ್ಗೀಕರಣವನ್ನು ಬಳಸುವ ಗ್ರಂಥಾಲಯದಲ್ಲಿ ಸಿನಿಮಾ ಕುರಿತ ಪುಸ್ತಕಗಳು 791.43ರ ಕಪಾಟಿನಲ್ಲಿ ಕೈಗೆ ಸಿಗುತ್ತವೆ. ಡಿಸ್ಕುಗಳನ್ನಾದರೋ ಹಲವೆಡೆ ಕೌಂಟರಿನ ಹಿಂದೆ ಇಟ್ಟಿರುತ್ತಾರೆ, ಆದ್ದರಿಂದ ಅವುಗಳಿಗೆ ಕ್ಯಾಟಲಾಗೇ ದಾರಿ.

ಕ್ಯಾಟಲಾಗಿನಲ್ಲಿ ಚಿತ್ರದ ದಾಖಲೆ ಸಿಕ್ಕಿದ ಮೇಲೆ ಅದರ ಪ್ರತಿಯೊಂದು ಸಾಲನ್ನೂ ಓದಿ. ಆವೃತ್ತಿಯ ವಿಷಯ ಎಷ್ಟು ಗಂಭೀರವೆಂಬುದಕ್ಕೆ ‘ಮೆಟ್ರೊಪೊಲಿಸ್’ ಚಿತ್ರವೇ ಸಾಕ್ಷಿ. 1927ರ ಜನವರಿಯಲ್ಲಿ ಬರ್ಲಿನ್‌ನಲ್ಲಿ ತೆರೆಕಂಡ ಈ ಮೂಕಿ ಚಿತ್ರವನ್ನು ಆಮೇಲೆ ಬಹಳಷ್ಟು ಕತ್ತರಿಸಲಾಯಿತು. ಕಳೆದುಹೋದವೆಂದೇ ಭಾವಿಸಿದ್ದ ಭಾಗಗಳಲ್ಲಿ ಸುಮಾರು 25 ನಿಮಿಷದಷ್ಟು 2008ರಲ್ಲಿ ಬ್ಯೂನಸ್ ಐರಿಸ್‌ನ ಚಲನಚಿತ್ರ ಸಂಗ್ರಹಾಲಯದ 16 ಮಿ.ಮೀ. ಪ್ರತಿಯೊಂದರಲ್ಲಿ ಪತ್ತೆಯಾಯಿತು. ಅದನ್ನು ಸೇರಿಸಿ ಪುನರುದ್ಧಾರಗೊಳಿಸಿದ ಆವೃತ್ತಿ 2010ರಲ್ಲಿ ಹೊರಬಂತು. ಆ ಚಿತ್ರದ ಹಳೆಯ ಡಿವಿಡಿಯನ್ನು ನೋಡಿ ಕಥನದ ಲೋಪಗಳ ಬಗ್ಗೆ ಬರೆಯುವ ವಿದ್ಯಾರ್ಥಿಯು, ನಿರ್ದೇಶಕನದಲ್ಲದ ತಪ್ಪನ್ನು ಅವನ ತಲೆಗೆ ಕಟ್ಟಿದಂತಾಗುತ್ತದೆ.

ಆದುದರಿಂದ ದಾಖಲೆಯಲ್ಲಿ ನಮೂದಿಸಿರುವ, ಚಿತ್ರ ಓಡುವ ಅವಧಿಯನ್ನು ವಿಶ್ವಾಸಾರ್ಹ ಪುಸ್ತಕವೊಂದರಲ್ಲಿರುವ ಅವಧಿಯೊಂದಿಗೆ ಹೋಲಿಸಿ. ಸಣ್ಣ ವ್ಯತ್ಯಾಸ ಕಂಡರೆ ಗಾಬರಿಯಾಗಬೇಕಿಲ್ಲ: ಸೆಕೆಂಡಿಗೆ 24 ಚೌಕಟ್ಟುಗಳಂತೆ (ಫ್ರೇಮುಗಳಂತೆ) ಚಿತ್ರಿಸಿದ ಚಿತ್ರವನ್ನು ಪಾಲ್ ಪದ್ಧತಿಯ (ಯುರೋಪ್, ಭಾರತ ಮುಂತಾದೆಡೆ ಬಳಕೆಗೆ ಬಂದ ಟೀವಿ ಪದ್ಧತಿ) ಡಿವಿಡಿಯಲ್ಲಿ ಸಾಮಾನ್ಯವಾಗಿ 25 ಚೌಕಟ್ಟುಗಳ ವೇಗದಲ್ಲಿ ಓಡಿಸುವುದರಿಂದ 100 ನಿಮಿಷದ ಚಿತ್ರ 96 ನಿಮಿಷಕ್ಕೇ ಮುಗಿಯುತ್ತದೆ. ವ್ಯತ್ಯಾಸ ಅದಕ್ಕಿಂತ ಹೆಚ್ಚಾದರೆ ವಿಚಾರಿಸಲೇಬೇಕು. ಚೌಕಟ್ಟಿನ ಅಗಲ-ಎತ್ತರದ ಅನುಪಾತವನ್ನೂ ಗಮನಿಸಿ. ಅಗಲ ಪರದೆಯ ಚಿತ್ರವನ್ನು ಹಳೆಯ ಟೀವಿಗೆ ಹೊಂದಿಸಲು ಎಡಬಲಗಳನ್ನು ಕತ್ತರಿಸಿದ ಕ್ಯಾಸೆಟ್‌ಗಳು ಇಂದಿಗೂ ಸಂಗ್ರಹಗಳಲ್ಲಿವೆ. ಅವುಗಳಲ್ಲಿ ಛಾಯಾಗ್ರಾಹಕರ ಸಂಯೋಜನೆಯನ್ನು ಅಭ್ಯಾಸ ಮಾಡುವುದು ಸಾಧ್ಯವೇ ಇಲ್ಲ. ಡಿಸ್ಕು ಯಾವ ಭೂಭಾಗದ ಯಂತ್ರಗಳಲ್ಲಿ ಓಡಬೇಕೆಂದು ಸೂಚಿಸುವ ಪ್ರಮುಖ ವಲಯ ಸಂಕೇತಗಳು ಡಿವಿಡಿಗಳಿಗೆ ಆರು, ಬ್ಲೂ-ರೇಗೆ ಮೂರು ಇರುವುದರಿಂದ, ಆ ಡಿಸ್ಕು ನಿಮ್ಮ ಯಂತ್ರದಲ್ಲಿ ಓಡುತ್ತದೆಯೇ ಎಂಬುದನ್ನೂ ಎರವಲು ಪಡೆಯುವ ಮೊದಲೇ ಕೇಳಿ.

ಸಾರ್ವಜನಿಕ ಪ್ರದರ್ಶನ ಏರ್ಪಡಿಸುವವರು ಹಕ್ಕಿನ ವಿಷಯದಲ್ಲಿ ಎಚ್ಚರ ವಹಿಸಬೇಕು. ಗ್ರಂಥಾಲಯವು ಡಿಸ್ಕನ್ನು ಕೊಂಡಿದೆಯೆಂದರೆ ಅದನ್ನು ಸಭಾಂಗಣದಲ್ಲಿ ತೋರಿಸುವ ಹಕ್ಕನ್ನೂ ಕೊಂಡಿದೆಯೆಂದು ಅರ್ಥವಲ್ಲ, ಪ್ರವೇಶ ಉಚಿತವಾಗಿದ್ದರೂ ಅಷ್ಟೇ. ತರಗತಿಯಲ್ಲಿ ಪಾಠದ ಅಂಗವಾಗಿ ತೋರಿಸಲು ಹಲವು ದೇಶಗಳ ಕಾನೂನಿನಲ್ಲಿ ವಿನಾಯಿತಿಯಿದೆ, ಆದರೆ ಚಿತ್ರ ಸಂಘದ ಪ್ರದರ್ಶನಕ್ಕೆ ಅದು ತಾನಾಗಿ ಅನ್ವಯಿಸುವುದಿಲ್ಲ. ಪ್ರದರ್ಶನ ಹಕ್ಕಿನ ವಿವರ ಖರೀದಿಯ ಕಡತದಲ್ಲಿರುತ್ತದೆ. ಇಲ್ಲವಾದರೆ ಹಂಚಿಕೆದಾರರಿಗೆ ಹಲವು ವಾರ ಮುಂಚಿತವಾಗಿ ಬರೆದು ಲಿಖಿತ ಒಪ್ಪಿಗೆ ಪಡೆಯಿರಿ. ಹಿಂದಿನ ದಿನ ಅದೇ ಸಭಾಂಗಣದಲ್ಲಿ, ಅದೇ ಯಂತ್ರದಲ್ಲಿ, ಅದೇ ಪ್ರತಿಯನ್ನು ಆರಂಭದಿಂದ ಕೊನೆಯವರೆಗೆ ಓಡಿಸಿ ನೋಡಿ, ಉಪಶೀರ್ಷಿಕೆಗಳು ಹಿಂದಿನ ಸಾಲಿಗೂ ಕಾಣುತ್ತವೆಯೇ ಎಂದು ಪರೀಕ್ಷಿಸಿ.

ಹಳೆಯ ಸಾಮಗ್ರಿಯನ್ನು ಮುಟ್ಟುವಾಗ ವಿಭಾಗದ ಸಿಬ್ಬಂದಿಯ ಮಾತು ಮೀರಬೇಡಿ. ರೀಲಿನ ಡಬ್ಬಿಯನ್ನು ತೆರೆದಾಗ ವಿನೆಗರಿನ ಹುಳಿ ವಾಸನೆ ಮೂಗಿಗೆ ಹೊಡೆದರೆ, ಅಸಿಟೇಟ್ ಫಿಲ್ಮ್ ಕೊಳೆಯಲು ತೊಡಗಿದೆಯೆಂದು ತಿಳಿಯಿರಿ. ಹೊರಬರುವ ಆಮ್ಲವು ಪಕ್ಕದ ರೀಲುಗಳನ್ನೂ ಕೆಡಿಸಬಲ್ಲದಾದ್ದರಿಂದ ಕೂಡಲೇ ಡಬ್ಬಿ ಮುಚ್ಚಿ ವಿಷಯ ತಿಳಿಸಬೇಕು. ಡಿಸ್ಕನ್ನು ಅಂಚಿನಲ್ಲಷ್ಟೇ ಹಿಡಿಯಿರಿ, ಒರೆಸುವುದಾದರೆ ಮಧ್ಯದಿಂದ ಅಂಚಿಗೆ ನೇರವಾಗಿ ಒರೆಸಿ.

ಸಂಗ್ರಹದಲ್ಲಿಲ್ಲದ ಚಿತ್ರಕ್ಕೆ ಖರೀದಿ ಶಿಫಾರಸು ಕೊಡುವಾಗ ಬರೀ ಹೆಸರು ಬರೆದರೆ ಕೆಲಸ ನಿಧಾನವಾಗುತ್ತದೆ. ನಿರ್ದೇಶಕ, ವರ್ಷ, ಬೇಕಾದ ಆವೃತ್ತಿ, ಉಪಶೀರ್ಷಿಕೆಯ ಭಾಷೆ, ಗೊತ್ತಿದ್ದರೆ ಹಂಚಿಕೆದಾರರ ಹೆಸರು, ಯಾವ ಪಾಠಕ್ಕೆ ಯಾವ ತಿಂಗಳಲ್ಲಿ ಬೇಕು, ಸಾರ್ವಜನಿಕ ಪ್ರದರ್ಶನದ ಹಕ್ಕೂ ಬೇಕೇ ಎಂಬುದೆಲ್ಲವನ್ನೂ ಬರೆಯಿರಿ. ಹಕ್ಕುಸಹಿತ ಪ್ರತಿಯ ಬೆಲೆ ಮನೆಬಳಕೆಯ ಪ್ರತಿಗಿಂತ ಬಹಳ ಹೆಚ್ಚಿರುವುದುಂಟು. ಕೊನೆಯ ಪ್ರಶ್ನೆಗೆ ನೀವು ಸ್ಪಷ್ಟವಾಗಿ ಉತ್ತರಿಸಿದರೆ ಗ್ರಂಥಪಾಲಕರು ಯಾವ ಪ್ರತಿಗೆ ಹಣ ಕೇಳಬೇಕೆಂದು ಒಮ್ಮೆಗೇ ನಿರ್ಧರಿಸಬಲ್ಲರು.