ಕಲಬುರಗಿ ಸೀಮೆಯಲ್ಲಿ ರಂಗನಟಿಯಾಗಿ ಬದುಕು ಕಟ್ಟಿಕೊಳ್ಳುವ ಬಗೆ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಹೆಣ್ಣುಮಗಳೊಬ್ಬಳು ನಾಟಕವನ್ನೇ ವೃತ್ತಿಯಾಗಿಸಿಕೊಳ್ಳಲು ಬಯಸಿದರೆ ಮೊದಲು ದನಿಯನ್ನು ಪಳಗಿಸಬೇಕು. ಜಾತ್ರೆಯ ನಾಟಕಕ್ಕೆ ತೆರೆ ಏಳುವುದು ರಾತ್ರಿ ಹತ್ತರ ಮೇಲೆ, ಮುಗಿಯುವುದು ಬೆಳಗಿನ ಜಾವಕ್ಕೆ. ಮೈಕು ಇದ್ದರೂ ಗಂಟಲಿನಿಂದ ಕೂಗುವವಳ ದನಿ ಕೊನೆಯ ದೃಶ್ಯಗಳ ಹೊತ್ತಿಗೆ ಒಡೆದಿರುತ್ತದೆ. ಹೊಟ್ಟೆಯಿಂದ ಉಸಿರೆಳೆದು ಮಾತನಾಡುವ ರೂಢಿಗಾಗಿ ದಿನಾ ಮುಂಜಾನೆ ಒಂದೊಂದು ವಚನವನ್ನು, ಅಂಗಳದ ಆಚೆ ನಿಂತವರಿಗೆ ಕಡೆಯ ಅಕ್ಷರವೂ ಕೇಳುವಂತೆ ಓದಿರಿ. ರಂಗಗೀತೆಗಳಿಗೆ ಪೇಟಿ (ಹಾರ್ಮೋನಿಯಂ) ಮಾಸ್ತರರೊಬ್ಬರ ಬಳಿ ಶ್ರುತಿ ಹಿಡಿಯುವುದನ್ನು ಕಲಿಯಲೇಬೇಕು.

ತರಬೇತಿಗೆ ಕಲಬುರಗಿಯಲ್ಲಿಯೇ ಸರ್ಕಾರದ ರಂಗಸಂಸ್ಥೆಯಾದ ರಂಗಾಯಣವಿದೆ. ಶಿವಮೊಗ್ಗ ಜಿಲ್ಲೆಯ ಹೆಗ್ಗೋಡಿನಲ್ಲಿ 1980ರಲ್ಲಿ ಆರಂಭವಾದ ನೀನಾಸಂ ರಂಗಶಿಕ್ಷಣ ಕೇಂದ್ರವು ಒಂದು ವರ್ಷದ ಶಿಕ್ಷಣ ಕೊಡುತ್ತದೆ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯದು ಮೂರು ವರ್ಷದ ಕೋರ್ಸ್, ಅದಕ್ಕೆ ಪದವಿಯ ಜೊತೆಗೆ ನಾಟಕಗಳಲ್ಲಿ ಪಾಲ್ಗೊಂಡ ಅನುಭವವೂ ಬೇಕು. ಹೊರಗೆ ಹೋಗುವ ಮೊದಲು ಊರಿನಲ್ಲಿಯೇ ಎರಡು ಮೂರು ನಾಟಕ ಮಾಡಿರುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಎಲ್ಲಿ ಕಲಿತರೂ ನಮ್ಮ ಮಾತನ್ನು ತೊರೆಯಬೇಡಿರಿ. ಉರ್ದು, ಮರಾಠಿ, ತೆಲುಗುಗಳ ಒಡನಾಟದಲ್ಲಿ ಬೆಳೆದ ಈ ಕನ್ನಡದ ಏರಿಳಿತ ಹೊರಗಿನವರಿಗೆ ಸುಲಭವಾಗಿ ದಕ್ಕುವಂಥದಲ್ಲ.

ಹಳ್ಳಿಯ ನಾಟಕಗಳಲ್ಲಿ ಊರಿನ ಗಂಡಸರು ತಿಂಗಳುಗಟ್ಟಲೆ ತಾಲೀಮು ಮಾಡಿರುತ್ತಾರೆ. ಸ್ತ್ರೀಪಾತ್ರಕ್ಕೆ ಕರೆಸಿಕೊಂಡ ಕಲಾವಿದೆಗಾದರೋ ಹೆಚ್ಚೆಂದರೆ ಒಂದೆರಡು ತಾಲೀಮು ಸಿಕ್ಕೀತು. ಆದ್ದರಿಂದ ನಿಮ್ಮ ಮಾತಿನೊಂದಿಗೆ ಎದುರಿನ ಪಾತ್ರಧಾರಿಯ ಕೊನೆಯ ಮಾತುಗಳನ್ನೂ ಬಾಯಿಪಾಠ ಮಾಡಿಕೊಳ್ಳಿರಿ. ಆತ ಗಾಬರಿಯಲ್ಲಿ ಒಂದು ಪುಟ ಹಾರಿಸಿದರೆ ಕಥೆಯನ್ನು ದಾರಿಗೆ ತರಬೇಕಾದವರು ನೀವೇ.

ಒಪ್ಪಿಕೊಳ್ಳುವ ಮುನ್ನ ಸಂಭಾವನೆ ಎಷ್ಟು, ಮುಂಗಡ ಎಷ್ಟು, ಪ್ರಯಾಣದ ಖರ್ಚು ಯಾರದು, ಮಳೆ ಬಂದು ಆಟ ನಿಂತರೆ ಏನು ಕೊಡುತ್ತಾರೆ, ರಂಗದ ಮೇಲೆ ಜನ ಕೊಡುವ ಇನಾಮು ಯಾರಿಗೆ ಸೇರುತ್ತದೆ ಎಂಬುದನ್ನು ಕೇಳಿ, ವಾಟ್ಸ್ಆ್ಯಪ್‌ನಲ್ಲಾದರೂ ಬರೆಸಿಕೊಳ್ಳಿರಿ. ಚಿಲಕವಿರುವ ಬಣ್ಣದ ಕೋಣೆ, ಶೌಚಾಲಯ, ಆಟ ಮುಗಿದ ಮೇಲೆ ಮರಳಲು ಗಾಡಿ ಇವನ್ನು ಕೇಳಲು ಸಂಕೋಚಪಡಬಾರದು. ಇವು ಸಂಭಾವನೆಯಷ್ಟೇ ಮುಖ್ಯ. ನಾಟಕದಲ್ಲಿಲ್ಲದ ಸಿನಿಮಾ ಹಾಡಿಗೆ ಕುಣಿಯುವ ಒತ್ತಾಯ ನಡುರಾತ್ರಿಯಲ್ಲಿ ಬರುವುದುಂಟು. ಕುಣಿಯುವಿರೋ ಇಲ್ಲವೋ ಎಂಬುದನ್ನು ಮೊದಲೇ ಹೇಳಿಬಿಡಿರಿ, ಹೇಳಿದ ಮೇಲೆ ಬದಲಿಸಬೇಡಿರಿ.

ನಾಯಕಿಯ ಪಾತ್ರಗಳಿಗೆ ವಯಸ್ಸಿನ ಮಿತಿಯುಂಟು. ಮೂವತ್ತರೊಳಗೇ ತಾಯಿ, ಖಳನಾಯಕಿ, ಹಾಸ್ಯದ ಪಾತ್ರಗಳನ್ನು ಕೈಗೆತ್ತಿಕೊಂಡವರು ದೀರ್ಘಕಾಲ ಉಳಿಯುತ್ತಾರೆ. 1958ರಲ್ಲಿ ಸ್ತ್ರೀಯರದೇ ನಾಟಕ ಮಂಡಳಿ ಕಟ್ಟಿದ ಮೈಸೂರಿನ ಆರ್. ನಾಗರತ್ನಮ್ಮನವರು ಪುರುಷ ಪಾತ್ರಗಳಿಂದಲೇ ಹೆಸರಾಗಿ, 2012ರಲ್ಲಿ ಪದ್ಮಶ್ರೀ ಪಡೆದರು.

ಕೊನೆಯದಾಗಿ, ಕಾಗದಪತ್ರಗಳು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಲಾವಿದರ ಮಾಸಾಶನಕ್ಕೆ 58 ವರ್ಷ ತುಂಬಿರಬೇಕು, ಕಲಾಸೇವೆಗೆ ದಾಖಲೆಯೂ ಇರಬೇಕು. ಅನೇಕ ಹಿರಿಯ ನಟಿಯರಿಗೆ ಬದುಕೆಲ್ಲ ಬಣ್ಣ ಹಚ್ಚಿಯೂ ತೋರಿಸಲು ಒಂದು ಚೂರು ಕಾಗದ ಇರುವುದಿಲ್ಲವೆಂಬುದು ನನ್ನನ್ನು ಬಹಳ ನೋಯಿಸುವ ಸಂಗತಿ. ಮೊದಲ ನಾಟಕದಿಂದಲೇ ಕರಪತ್ರದಲ್ಲಿ ನಿಮ್ಮ ಹೆಸರು ಸರಿಯಾಗಿ ಅಚ್ಚಾಗಿದೆಯೇ ಎಂದು ನೋಡಿ, ಹಿಂಬದಿಯಲ್ಲಿ ಊರು, ದಿನಾಂಕ, ಪಾತ್ರ ಬರೆದು ಕಡತದಲ್ಲಿ ಜೋಡಿಸಿಡಿರಿ.