ದಿನಕ್ಕೆ ಇಪ್ಪತ್ತೇ ಸಲ: ಫಿಂಚ್ ಮರಿಗೆ ಸ್ಪೀಕರಿನಿಂದ ಹಾಡು ಕಲಿಸಿದ ಬಗೆ

ಪಂಜರದಲ್ಲಿ ಸಾಕುವ ಪುಟ್ಟ ಹಕ್ಕಿ ಝೀಬ್ರಾ ಫಿಂಚಿನ ಮರಿ ಹಾಡು ಕಲಿಯಬೇಕಾದರೆ ಎದುರಿಗೆ ಗಂಡು ಕೂತಿರಲೇಬೇಕು, ಸ್ಪೀಕರಿನಿಂದ ಆಗುವ ಕೆಲಸವಲ್ಲ ಎಂದು ಹಾಸನ, ಚಿಕ್ಕಮಗಳೂರಿನ ಹಕ್ಕಿ ಸಾಕುವವರೆಲ್ಲ ಹೇಳುತ್ತಿದ್ದರು. ಈಗ ನನ್ನ ಬಳಿ ಐದು ಗಂಡುಗಳಿವೆ. ಅಪ್ಪನ ಹಾಡು ಅವುಗಳ ಕಿವಿಗೆ ಬಿದ್ದಿದ್ದರೆ ಮೊಟ್ಟೆಯೊಡೆದ ಮೊದಲ ವಾರ ಮಾತ್ರ. ನಾಲ್ಕು ಹಕ್ಕಿಗಳು ನಾನು ಕೇಳಿಸಿದ ಹಾಡನ್ನೇ, ಅದೇ ಸ್ವರಗಳನ್ನು ಅದೇ ಸರದಿಯಲ್ಲಿ ಹಾಡುತ್ತಿವೆ.

ಮರಿಗಳ ಮೊದಲ ಎರಡು ತಂಡ ಪೂರ್ತಿ ಹಾಳಾದವು. ಹಾಡನ್ನು ಫೋನಿಗೆ ಹಾಕಿ ಬೆಳಗಿನಿಂದ ಸಂಜೆಯವರೆಗೆ ತಿರುಗಿಸಿ ತಿರುಗಿಸಿ ಕೇಳಿಸಿದ್ದೇ ತಪ್ಪು. ಮರಿಗಳು ಅದನ್ನು ಗೋಡೆ ಗಡಿಯಾರದ ಸದ್ದಿನಂತೆ ಬಿಟ್ಟುಬಿಟ್ಟವು. ದೊಡ್ಡವಾದ ಮೇಲೆ ಹಾಡಿದ್ದು ಒಂಟಿಯಾಗಿ ಬೆಳೆದ ಹಕ್ಕಿಗಳ ಎಳೆದೆಳೆದ, ಗೊತ್ತುಗುರಿಯಿಲ್ಲದ ಹಾಡು. ಕಾಳು, ಜೋಡಿಗಳು, ವೈರಿಂಗ್ ಸೇರಿ ಹನ್ನೆರಡು ಸಾವಿರದ ಹತ್ತಿರ ಹೋಯಿತು. ಹಾಡು ಹೆಚ್ಚು ಸಲ ಕೇಳಿಸಿದಷ್ಟೂ ನಕಲು ಕೆಡುತ್ತದೆ ಎಂದು 1999ರಲ್ಲೇ ಸಂಶೋಧಕ ಚೆರ್ನಿಕೋವ್‌ಸ್ಕಿ ತಂಡ ತೋರಿಸಿತ್ತು. ಅದನ್ನು ನಂಬದೆ ಹೋದದ್ದಕ್ಕೆ ತೆತ್ತ ಬೆಲೆ ಇದು. ಮಿದುಳಿನ ಎನ್‌ಸಿಎಂ ಎಂಬ, ಹಾಡು ಕೇಳಿಸಿಕೊಳ್ಳುವ ಭಾಗದ ನರಕೋಶಗಳು ಒಂದೇ ಹಾಡನ್ನು ಕೇಳುತ್ತ ಹೋದಂತೆ ಸ್ಪಂದಿಸುವುದನ್ನು ಕಡಿಮೆ ಮಾಡುತ್ತವೆ. ಈ ಸೋಲಿಗೂ ಅದಕ್ಕೂ ನಂಟಿದೆ ಎಂಬುದು ನನ್ನ ಎಣಿಕೆ.

ಮೂರನೇ ತಂಡಕ್ಕೆ ಪದ್ಧತಿಯನ್ನೇ ಬದಲಿಸಿದೆ. ಹಾಡು ತಾನಾಗಿ ಬರುವುದಿಲ್ಲ. ಮರಿ ಸ್ವಿಚ್ ಕುಟುಕಿದರೆ ಮಾತ್ರ ಬರುತ್ತದೆ. ಮೈಕ್ರೋಸ್ವಿಚ್ಚಿನ ಸರಳಿಗೆ ಕೆಂಪು ಮಣಿ ಅಂಟಿಸಿ ಕೂರುವ ಕೋಲಿನಿಂದ ನಾಲ್ಕು ಸೆಂಟಿಮೀಟರ್ ದೂರದಲ್ಲಿಟ್ಟೆ. ಅದರ ಹಿಂದೆ ಲೆಕ್ಕ ಇಡುವ ಪುಟ್ಟ ಕಂಪ್ಯೂಟರ್ ಬೋರ್ಡು ಆರ್ಡುವಿನೊ ನ್ಯಾನೊ, ಹಾಡು ನುಡಿಸುವ ಡಿಎಫ್ ಪ್ಲೇಯರ್, 3 ವ್ಯಾಟಿನ ಸ್ಪೀಕರ್. ಸ್ಪೀಕರಿನ ಮುಂದೆ ಬಣ್ಣ ಬಳಿದ ಪ್ಲಾಸ್ಟಿಕ್ ಹಕ್ಕಿ. ಬೆಳಿಗ್ಗೆ 9ರಿಂದ 11ರೊಳಗೆ ಹತ್ತು ಸಲ, ಮಧ್ಯಾಹ್ನ 3ರಿಂದ 5ರೊಳಗೆ ಹತ್ತು ಸಲ. ಲೆಕ್ಕ ಮುಗಿದ ಮೇಲೆ ಎಷ್ಟು ಕುಟುಕಿದರೂ ಮೌನ. ಪ್ಲೇಯರ್ ಎಚ್ಚರವಾಗುವಾಗ ಸ್ಪೀಕರಿನಲ್ಲಿ 'ಟಪ್' ಎಂದು ಬಂದು ಒಂದು ಮರಿ ಬೆದರಿ ಎರಡು ದಿನ ಮಣಿಯ ಹತ್ತಿರ ಸುಳಿಯಲಿಲ್ಲ. ಆಂಪ್ಲಿಫೈಯರನ್ನು ಆರಿಸದೆ ಚಾಲೂ ಬಿಟ್ಟು, ಹಾಡಿನ ಮುಂದೆ ಅರ್ಧ ಸೆಕೆಂಡ್ ಮೌನ ಸೇರಿಸಿದ ಮೇಲೆ ಸರಿಹೋಯಿತು. ಮೊದಲ ಕುಟುಕು ಬರಿಸಲು ನಾನು ಮಾಡುವ ಉಪಾಯ ಒಂದಿದೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಹಾಡು ಅಪ್ಪನದಾಗಿರಬಾರದು, ಇಲ್ಲದಿದ್ದರೆ ಎಲ್ಲಿಂದ ಕಲಿತಿತು ಎಂಬ ಸಂಶಯ ಉಳಿಯುತ್ತದೆ. ಬೇರೆ ಕಡೆಯ ಗಂಡಿನದು, ಐದು ಸ್ವರಗಳ ಪಲ್ಲವಿ, ಮುಕ್ಕಾಲು ಸೆಕೆಂಡಿನಷ್ಟು, ಎರಡು ಸಲ. ಕೋಲಿನ ಬಳಿ 70 ಡೆಸಿಬಲ್ ದಾಟಿಸಲಿಲ್ಲ.

ನಮ್ಮ ಕಡೆ ಹೆಚ್ಚು ಸತಾಯಿಸುವುದು ಹೊರಗಿನ ಸದ್ದು ಕೇಳದಂತೆ ಮರಿಯನ್ನಿಡುವ ಪೆಟ್ಟಿಗೆ. 18 ಎಂಎಂ ಪ್ಲೈವುಡ್ಡಿನ ಒಳಗೆ ಎರಡಿಂಚಿನ ಫೋಮ್ ಹೊಡೆಸಿದ್ದೆ. ಜುಲೈ ಮಳೆಗೆ ಮೂರೇ ವಾರದಲ್ಲಿ ಬೂಷ್ಟು ಹಿಡಿದು ಕಪ್ಪಾಯಿತು. ಮರಿಗಳು ಕಿತ್ತು ತಿನ್ನುವುದು ಬೇರೆ. ಎಲ್ಲ ಕಿತ್ತು ಪಾಲಿಯೆಸ್ಟರ್ ಫೆಲ್ಟ್ ಹಾಕಿ, ಮೇಲೆ ಸೊಳ್ಳೆಪರದೆಯ ನೆಟ್ ಬಿಗಿದೆ. ಗಾಳಿಗೆ 12 ವೋಲ್ಟಿನ ಕಂಪ್ಯೂಟರ್ ಫ್ಯಾನ್. ಕೊಳವೆಯನ್ನು ನೇರ ಬಿಟ್ಟರೆ ಸದ್ದೂ ನೇರ ಬರುತ್ತದೆ, ಒಳಗೆ ಫೆಲ್ಟ್ ಮೆತ್ತಿ ಎರಡು ಕಡೆ ಮಡಿಸಬೇಕು. ಶೀಟಿನ ಮಾಡಿನ ಕೋಣೆಯಲ್ಲಿ ಮಳೆ ಬಂದರೆ ಯಾವ ಪೆಟ್ಟಿಗೆಯೂ ತಡೆಯುವುದಿಲ್ಲ, ಆರ್‌ಸಿಸಿ ಕೋಣೆಗೆ ಸಾಗಿಸಿದೆ. ಒಂದು ಪೆಟ್ಟಿಗೆಗೆ ಎಲ್ಲ ಸೇರಿ ಆರೂವರೆ ಸಾವಿರ ಬಿದ್ದಿರಬಹುದು.

ಮರಿಗೆ ಏಳೆಂಟು ದಿನವಾದಾಗ ಅಪ್ಪನನ್ನು ದೂರದ ಕೋಣೆಗೆ ಕಳಿಸಬೇಕು. ತಾಯಿ ಹಾಡುವುದಿಲ್ಲವಾದ್ದರಿಂದ ಅವಳೊಬ್ಬಳೇ ಸಾಕಿದರೆ ತೊಂದರೆಯಿಲ್ಲ, ನವಣೆಯ ಜೊತೆ ಮೊಟ್ಟೆಯ ಆಹಾರ ಹೆಚ್ಚಿಸಿದರೆ ಸಾಕು. ಮೂವತ್ತೈದು ದಿನದ ಹೊತ್ತಿಗೆ ಗಂಡಿನ ಕೆನ್ನೆಯ ಕಿತ್ತಳೆ ಬಣ್ಣ ಇಣುಕುತ್ತದೆ. ಅದಕ್ಕೆ ಮೊದಲೇ ಆತುರಪಟ್ಟು ಪೆಟ್ಟಿಗೆಗೆ ಹಾಕಿದ ಎರಡು ಮರಿಗಳು ಹೆಣ್ಣಾದವು. ಬಿಳಿ ತಳಿಯಲ್ಲಿ ಈ ಗುರುತೇ ಸಿಗದು, ಅದನ್ನು ಮುಟ್ಟಬೇಡಿ. ಪಾಠ ಸುಮಾರು 40ನೇ ದಿನಕ್ಕೆ ಶುರು. ತೊಂಬತ್ತು ದಿನಕ್ಕೆ ಹಾಡು ಗಟ್ಟಿಯಾಗಿಬಿಡುತ್ತದೆ. ಆಮೇಲೆ ಈ ಜಾತಿ ಹೊಸದನ್ನು ಕಲಿಯುವುದಿಲ್ಲ, ಒಂದು ಹಕ್ಕಿಗೆ ಒಂದೇ ಅವಕಾಶ.

ಧ್ವನಿಮುದ್ರಣ 44.1 ಕಿಲೋಹರ್ಟ್ಸ್, ಮೋನೊ. ಗಂಟೆಗೆ 300 ಎಂಬಿ ಮೀರುತ್ತದೆ, ಆದ್ದರಿಂದ ಸದ್ದು ಬಂದಾಗ ಮಾತ್ರ ಮುದ್ರಿಸುವಂತೆ ಇಡಿ. ಆಡಾಸಿಟಿ ತಂತ್ರಾಂಶದ ಸ್ಪೆಕ್ಟ್ರೋಗ್ರಾಮಿನಲ್ಲಿ, ಅಂದರೆ ಸದ್ದನ್ನು ಗೆರೆಗಳಾಗಿ ತೋರಿಸುವ ಚಿತ್ರದಲ್ಲಿ, ನೋಡಿದರೆ 50ನೇ ದಿನದವರೆಗೂ ಬರೀ ತೊದಲು. ಎಲ್‌ಮ್ಯಾನ್ ಎಂಬ ಮಿದುಳಿನ ಭಾಗ ಹಾಡನ್ನು ಅತ್ತಿತ್ತ ಅಲುಗಿಸುವ ಕಾಲ ಅದು, ಹೆದರಬೇಕಿಲ್ಲ. ನನ್ನನ್ನು ಹೆದರಿಸಿದ್ದು ಬೆಳಗಿನ ಹಾಡು: ನಿನ್ನೆ ಸಂಜೆ ಚೂಪಾಗಿದ್ದ ಮೂರನೇ ಸ್ವರದ ಗೆರೆಗಳು ಬೆಳಗಾಗುವಷ್ಟರಲ್ಲಿ ಕಲಸಿಹೋಗಿರುತ್ತಿದ್ದವು. ಪಾಠ ಮರೆಯಿತೆಂದು ಸಲಗಳನ್ನು ಹೆಚ್ಚಿಸಲು ಹೊರಟಿದ್ದೆ. ನಿದ್ದೆಯ ನಂತರ ಹೀಗೆ ಜಾರುವುದು ಸಹಜ, ಮಧ್ಯಾಹ್ನದೊಳಗೆ ಹಾದಿಗೆ ಬರುತ್ತದೆ. ಹೋಲಿಸುವುದಾದರೆ ಸಂಜೆಯ ಹಾಡನ್ನು ಸಂಜೆಯದರ ಜೊತೆಗೇ ಹೋಲಿಸಿ.

ನಡುವೆ ಎರಡು ಮೊಟ್ಟೆಗಳನ್ನು ಬೆಂಗಾಲೀಸ್ ಎಂಬ ಬೇರೆ ಜಾತಿಯ ಫಿಂಚ್ ಜೋಡಿಯ ಕೆಳಗಿಟ್ಟು ನೋಡಿದೆ. ಹುಟ್ಟಿದ ಒಂದೇ ಗಂಡು, ಪಕ್ಕದ ಪಂಜರದಲ್ಲಿ ತನ್ನದೇ ಜಾತಿ ಹಾಡುತ್ತಿದ್ದರೂ, ಸಾಕುತಂದೆಯ ಒರಟು ಹಾಡನ್ನೇ ಹಿಡಿಯಿತು. ಮತ್ತೊಂದು ಮರಿಗೆ ನಮ್ಮ ತೋಟದ ಹಳ್ಳದಲ್ಲಿ ಮುದ್ರಿಸಿದ ಸರಳೆ ಸಿಳ್ಳಾರದ ಸಿಳ್ಳೆ ಕೊಟ್ಟೆ. ಒಂದು ತುಣುಕೂ ಬರಲಿಲ್ಲ. ಸಿಳ್ಳಾರ, ರಾಟವಾಳದಂಥ ಕಾಡುಹಕ್ಕಿಗಳನ್ನೇ ಸಾಕಿ ನೋಡೋಣವೆಂದು ಕೆಲವರು ಕೇಳುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡದು, ನಾನೂ ಒಪ್ಪುವುದಿಲ್ಲ.

ಐದನೆಯ ಗಂಡು ಎರಡೇ ಸ್ವರ ಹಿಡಿದಿದೆ. ಅದರ 50ನೇ ದಿನದ ಸುಮಾರಿಗೆ ಕರೆಂಟು ಪದೇ ಪದೇ ಹೋಗಿ ದೀಪದ ಟೈಮರ್ ಏರುಪೇರಾಗಿತ್ತು, ಹಗಲಲ್ಲೇ ಪೆಟ್ಟಿಗೆ ಕತ್ತಲಾಗುತ್ತಿತ್ತು. ಈಗ ರೌಟರಿಗೆ ಬಳಸುವ ಸಣ್ಣ ಯುಪಿಎಸ್ ಹಾಕಿದ್ದೇನೆ, ಸಾವಿರದೈನೂರು. ಐದೂ ಹಕ್ಕಿಗಳು ದೊಡ್ಡ ಪಂಜರದಲ್ಲಿ ಉಳಿದವುಗಳ ಜೊತೆ ಸೇರಿವೆ. ಮುಂದಿನ ಮರಿಗಳಿಗೆ ದಿನಕ್ಕೆ ಹತ್ತೇ ಸಲ ಕೊಟ್ಟು ನೋಡುತ್ತೇನೆ. ಮೊಟ್ಟೆಗೆ ಇವತ್ತು ಒಂಬತ್ತನೇ ದಿನ.